ಮೇಷ್ಟ್ರಿಗೆ ತರಬೇತಿ ಬೇಡವಾ? ನಮ್ಮ ಮನೆ ಗುಂಪಿನಲ್ಲಿ ಒಂದು ರಾತ್ರಿಯ ಚರ್ಚೆ

ಶನಿವಾರ ರಾತ್ರಿ ಅಣ್ಣ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದ. ಮಾತು ಹನ್ನೊಂದು ಗಂಟೆಯ ತನಕ ನಡೆಯಿತು. ಮನೆಯವರನ್ನು ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಪಿಸಿಎಂ (ಭೌತ ವಿಜ್ಞಾನ, ರಸಾಯನ ವಿಜ್ಞಾನ, ಗಣಿತ) ಶಿಕ್ಷಕಿ. ಗಣಿತವೂ ನನ್ನದೇ, ಭೌತ ವಿಜ್ಞಾನವೂ ನನ್ನದೇ.

ಅಣ್ಣ (ಫಾರ್ವರ್ಡ್): ಮೇಷ್ಟ್ರಿಗೆ ತರಬೇತಿ, ಮಕ್ಕಳಿಗೆ ಪಾಠ ಖೋತಾ! ಗಣಿತ, ವಿಜ್ಞಾನ ಶಿಕ್ಷಕರನ್ನು ಪದೇ ಪದೇ ತರಬೇತಿಗೆ ಕರೆಯುವುದು ನಿಲ್ಲಲಿ. ಎಲ್ಲ ಪೋಷಕರಿಗೂ ಕಳಿಸಿ.

ಅಣ್ಣ: ನೂರಕ್ಕೆ ನೂರು ನಿಜ. ಮಗಳ ಗಣಿತ ಮೇಷ್ಟ್ರು ಈ ತಿಂಗಳು ಐದು ದಿನ ಇರಲಿಲ್ಲ. ಒಂಬತ್ತನೇ ಕ್ಲಾಸು. ಬಹುಪದೋಕ್ತಿ ಪಾಠ ಅರ್ಧಕ್ಕೆ ನಿಂತಿತ್ತು.

ಚಿಕ್ಕಪ್ಪ: ನಾನೂ ಶಿಕ್ಷಣ ಇಲಾಖೆಯ ಸರ್ವಿಸಿನಲ್ಲಿ ಎಷ್ಟೋ ತರಬೇತಿ ನೋಡಿದ್ದೇನಪ್ಪ. ಬೆಳಿಗ್ಗೆ ಹಾಜರಿಗೆ ಸಹಿ, ಹನ್ನೊಂದಕ್ಕೆ ಟೀ ಬಿಸ್ಕತ್ತು, ಸಂಜೆ ಗುಂಪು ಫೋಟೋ. ಒಳ್ಳೆಯ ಮೇಷ್ಟ್ರಿಗೆ ತರಬೇತಿ ಬೇಡ. ಉಳಿದವರಿಗೆ ಕೊಟ್ಟರೂ ಪ್ರಯೋಜನ ಇಲ್ಲ.

ನಾನು: ಚಿಕ್ಕಪ್ಪ, ನಿಮ್ಮ ಈ ಮಾತನ್ನು ನಾನು ಒಪ್ಪುವುದಿಲ್ಲ. ನನ್ನ ಕಥೆಯನ್ನೇ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಾನು: ಎರಡು ವರ್ಷದ ಹಿಂದೆ ಒಂದು ವಾರದ ವಿಜ್ಞಾನ ತರಬೇತಿಗೆ ಹೋಗಿದ್ದೆ. ಮೊದಲ ದಿನ ಕೈಗೆ ಕೊಟ್ಟಿದ್ದು ಮೂರೇ ಸಾಮಾನು. ಒಂದು ಟಾರ್ಚ್ ಸೆಲ್, ಒಂದು ಪುಟ್ಟ ಬಲ್ಬು, ಒಂದು ತುಂಡು ತಂತಿ. ಹೋಲ್ಡರ್ ಇಲ್ಲ. ‘ಬಲ್ಬು ಹೊತ್ತಿಸಿ’ ಅಂದರು. ಕೂತಿದ್ದವರೆಲ್ಲ ಬಿಎಸ್ಸಿ, ಬಿಎಡ್ ಮಾಡಿದವರು. ಜಾಸ್ತಿ ಜನರಿಗೆ ಆಗಲಿಲ್ಲ. ನನಗೂ ಆಗಲಿಲ್ಲ. ತಂತಿಯನ್ನು ಬಲ್ಬಿನ ತಳಕ್ಕೇ ಮುಟ್ಟಿಸುತ್ತಾ ಕೂತಿದ್ದೆ.

ನಾನು: ಯಾಕೆ ಗೊತ್ತಾ? ಬೋರ್ಡಿನ ಮೇಲೆ ನಾವು ಬಲ್ಬನ್ನು ಒಂದು ಸೊನ್ನೆ ಥರ ಬರೆದು ಎರಡೂ ಕಡೆ ಗೆರೆ ಎಳೆಯುತ್ತೇವೆ. ನಿಜವಾದ ಬಲ್ಬಿನಲ್ಲಿ ಆ ಎರಡು ತುದಿ ಎಲ್ಲಿವೆ ಅಂತ ನೋಡಿಯೇ ಇರಲಿಲ್ಲ. ಒಂದು ತಳದ ಬೊಟ್ಟಿನಲ್ಲಿದೆ, ಇನ್ನೊಂದು ಪಕ್ಕದ ಲೋಹದಲ್ಲಿದೆ. ತಳವನ್ನು ಸೆಲ್ಲಿನ ತಲೆಯ ಮೇಲಿಟ್ಟು, ಪಕ್ಕದಿಂದ ಸೆಲ್ಲಿನ ಬುಡಕ್ಕೆ ತಂತಿ ಮುಟ್ಟಿಸಿದರೆ ಹೊತ್ತಿಕೊಳ್ಳುತ್ತದೆ. ಅಷ್ಟು ವರ್ಷ ವಿದ್ಯುತ್ ಮಂಡಲ ಪೂರ್ತಿ ಆಗಬೇಕು ಅಂತ ಪಾಠ ಮಾಡಿದ್ದೆ. ಮಕ್ಕಳಿಗೆ ಯಾಕೆ ಅರ್ಥ ಆಗುತ್ತಿರಲಿಲ್ಲ ಅಂತ ಅವತ್ತು ಗೊತ್ತಾಯಿತು. ಈಗ ಆ ಪಾಠವನ್ನು ನಾನು ಬೋರ್ಡಿನಿಂದ ಶುರು ಮಾಡುವುದಿಲ್ಲ.

ತಮ್ಮ: ಅಕ್ಕ, ಇದಕ್ಕೆ ಒಂದು ವಾರ ಯಾಕೆ? ಯೂಟ್ಯೂಬ್‌ನಲ್ಲಿ ಎರಡು ನಿಮಿಷದ ವಿಡಿಯೋ. ಎಲ್ಲ ಆನ್‌ಲೈನ್ ಮಾಡಿದರೆ ಅಣ್ಣನ ಸಮಸ್ಯೆಯೂ ಮುಗಿಯಿತು.

ನಾನು: ವಿಡಿಯೋ ನೋಡಿದ್ದರೆ ‘ಓ, ಇಷ್ಟೇನಾ’ ಅಂತ ಮುಂದಕ್ಕೆ ಹೋಗುತ್ತಿದ್ದೆ ಕಣೋ. ನನಗೆ ಬರುವುದಿಲ್ಲ ಅನ್ನುವುದು ತಿಳಿದದ್ದೇ ಕೈ ಹಾಕಿದ ಮೇಲೆ. ಆನ್‌ಲೈನ್ ಕೋರ್ಸೂ ಮಾಡಿದ್ದೇನೆ. ಕೇಂದ್ರ ಸರ್ಕಾರ ಶಿಕ್ಷಕರಿಗೆ ಕೊಡುವ ನಿಷ್ಠಾ ತರಬೇತಿ ಶುರುವಾಗಿದ್ದು 2019ರಲ್ಲಿ. ಕೊರೋನಾ ಬಂದ ಮೇಲೆ ಅದು ಸರ್ಕಾರದ ಆನ್‌ಲೈನ್ ಕಲಿಕೆಯ ದೀಕ್ಷಾ ಆ್ಯಪ್‌ಗೆ ಬಂತು. 2021ರಲ್ಲಿ ಪ್ರೌಢಶಾಲೆಯವರಿಗೂ ಕೋರ್ಸುಗಳು ಬಂದವು. ಒಳ್ಳೆಯ ವಿಷಯಗಳಿದ್ದವು. ನಮ್ಮ ಹೊತ್ತಿಗೆ ಓದಿಕೊಳ್ಳಬಹುದಿತ್ತು. ಆದರೆ ನಾನು ಎಲ್ಲಿ ತಪ್ಪುತ್ತಿದ್ದೇನೆ ಅಂತ ನೋಡಿ ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಪ್ರಮಾಣಪತ್ರ ಬಂತು. ಕ್ಲಾಸಿನಲ್ಲಿ ಏನೂ ಬದಲಾಗಲಿಲ್ಲ.

ಚಿಕ್ಕಪ್ಪ: ಬಲ್ಬಿನ ವಿಷಯ ಒಪ್ಪಿದೆ. ಆದರೆ ಎಲ್ಲ ತರಬೇತಿಯೂ ಹಾಗಿರುತ್ತದಾ? ಮೇಲಿನವರು ಜಿಲ್ಲೆಯವರಿಗೆ ಹೇಳುತ್ತಾರೆ, ಜಿಲ್ಲೆಯವರು ತಾಲ್ಲೂಕಿನವರಿಗೆ. ಹಳ್ಳಿ ಮೇಷ್ಟ್ರ ಹತ್ತಿರ ಬರುವಷ್ಟರಲ್ಲಿ ಉಳಿಯುವುದು ಪಿಪಿಟಿ ಮಾತ್ರ.

ನಾನು: ಇದು ಸತ್ಯ ಚಿಕ್ಕಪ್ಪ. ಅಂಥದ್ದರಲ್ಲೂ ಕೂತಿದ್ದೇನೆ. ಮೂರು ದಿನ ಸ್ಲೈಡ್ ಓದಿದರು. ತರಬೇತಿ ಕೊಡುವ ಸಂಪನ್ಮೂಲ ವ್ಯಕ್ತಿಗೇ ಪ್ರಯೋಗ ಮಾಡಿ ಗೊತ್ತಿರಲಿಲ್ಲ. ಪಾಪ, ಅವರಿಗೂ ಹಿಂದಿನ ವಾರ ಯಾರೋ ಸ್ಲೈಡ್ ಓದಿ ಹೇಳಿದ್ದರು ಅಷ್ಟೇ. ಅದನ್ನು ನಿಲ್ಲಿಸಿ ಅಂದರೆ ನಾನೂ ನಿಮ್ಮ ಜೊತೆ ಸಹಿ ಹಾಕುತ್ತೇನೆ. ಆದರೆ ಫಾರ್ವರ್ಡ್ ಹೇಳುತ್ತಿರುವುದು ಎಲ್ಲವನ್ನೂ ನಿಲ್ಲಿಸಿ ಅಂತ.

ನಾನು: ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ನೋಡಿ. ಚಳ್ಳಕೆರೆ ಹತ್ತಿರ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ಐಐಎಸ್‌ಸಿ ಕ್ಯಾಂಪಸ್‌ನಲ್ಲಿ ವಿಜ್ಞಾನ, ಗಣಿತ ಮೇಷ್ಟ್ರುಗಳಿಗೆ ಉಳಿದುಕೊಂಡು ಕಲಿಯುವ ತರಬೇತಿ ನಡೆಯುತ್ತದೆ. ಲ್ಯಾಬಿನಲ್ಲಿ ಮೇಷ್ಟ್ರೇ ಪ್ರಯೋಗ ಮಾಡಬೇಕು. ಇನ್ನೂ ಹಳೆಯದು ಬೇಕಾದರೆ ಮಧ್ಯಪ್ರದೇಶದ ಹೋಶಂಗಾಬಾದ್. 1972ರಲ್ಲಿ 16 ಶಾಲೆಗಳಲ್ಲಿ ಶುರುವಾದ ವಿಜ್ಞಾನ ಕಾರ್ಯಕ್ರಮ ಅದು. ಬೇಸಿಗೆ ರಜೆಯಲ್ಲಿ ಮೇಷ್ಟ್ರುಗಳು ವಾರಗಟ್ಟಲೆ ಒಟ್ಟಿಗೆ ಕೂತು, ಮಕ್ಕಳು ಮಾಡುವ ಪ್ರಯೋಗಗಳನ್ನೇ ಮಾಡುತ್ತಿದ್ದರು. ಶಾಲೆ ಶುರುವಾದ ಮೇಲೆ ತಿಂಗಳ ಸಭೆಯಲ್ಲಿ ಮತ್ತೆ ಸೇರಿ, ಕ್ಲಾಸಿನಲ್ಲಿ ಎಲ್ಲಿ ಎಡವಿದೆವು ಅಂತ ಮಾತಾಡುತ್ತಿದ್ದರು. ಪರೀಕ್ಷೆಯಲ್ಲಿ ಮಕ್ಕಳು ಪುಸ್ತಕ ತೆರೆದಿಟ್ಟೇ ಬರೆಯಬಹುದಿತ್ತು. ನೂರಾರು ಶಾಲೆಗಳಿಗೆ ಹಬ್ಬಿತು. 2002ರಲ್ಲಿ ಅಲ್ಲಿನ ಸರ್ಕಾರ ನಿಲ್ಲಿಸಿಬಿಟ್ಟಿತು. ಅದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಚಿಕ್ಕಪ್ಪ: ತಿಂಗಳಿಗೊಮ್ಮೆ ಮತ್ತೆ ಸೇರುವುದು, ಅದು ಮುಖ್ಯ. ನಮ್ಮ ಮೇಷ್ಟ್ರುಗಳ ಸಮಾಲೋಚನಾ ಸಭೆಗಳನ್ನು ಹಾಗೆ ಬಳಸಬಹುದಿತ್ತು. ಸುತ್ತೋಲೆ ಓದುವುದರಲ್ಲೇ ಕಳೆದುಬಿಟ್ಟೆವು.

ಅಣ್ಣ: ಎಲ್ಲರೂ ದೊಡ್ಡ ದೊಡ್ಡ ಮಾತು ಆಡುತ್ತಿದ್ದೀರಿ. ನನ್ನ ಪ್ರಶ್ನೆ ಚಿಕ್ಕದು. ಆ ಐದು ದಿನ ನನ್ನ ಮಗಳಿಗೆ ಪಾಠ ಯಾರು ಮಾಡಬೇಕಿತ್ತು?

ಅತ್ತಿಗೆ: ಅವಳೇ ಏನೋ ಹೇಳಬೇಕಂತೆ. ಫೋನು ಕೊಡುತ್ತಿದ್ದೇನೆ.

ಅತ್ತಿಗೆಯ ಫೋನಿನಿಂದ ಅಣ್ಣನ ಮಗಳು: ಅತ್ತೆ, ಆ ಐದು ದಿನ ನಮ್ಮನ್ನು ಎಂಟನೇ ಕ್ಲಾಸಿನ ಜೊತೆ ಕೂರಿಸಿದ್ದರು. ಸುಮ್ನೆ ಕೂತಿದ್ದೆವು. ಸರ್ ವಾಪಸ್ ಬಂದ ಮೇಲೆ ಒಂದು ಚೌಕದ ಕಾಗದ ಕತ್ತರಿಸಿ ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ತೋರಿಸಿದರು. ಒಂದು ದೊಡ್ಡ ಚೌಕ, ಒಂದು ಚಿಕ್ಕ ಚೌಕ, ಎರಡು ಒಂದೇ ಅಳತೆಯ ಆಯತ ಬಂತು. ಎರಡು ಎಬಿ ಯಾಕೆ ಬರುತ್ತದೆ ಅಂತ ಈಗ ಗೊತ್ತು. ಮುಂಚೆ ಬಾಯಿಪಾಠ ಮಾಡಿದ್ದೆ.

ಅಮ್ಮ: ನೋಡು, ಮಗುವೇ ಹೇಳಿತು.

ಅಣ್ಣ: ಅಮ್ಮ, ಅವಳು ಎರಡೂ ಹೇಳಿದ್ದಾಳೆ. ಸುಮ್ನೆ ಕೂತಿದ್ದೆವು ಅನ್ನುವುದನ್ನೂ ಓದು.

ನಾನು: ಅಣ್ಣ ಹೇಳಿದ್ದು ಸರಿ. ಇದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಎಷ್ಟೋ ಹಳ್ಳಿ ಶಾಲೆಗಳಲ್ಲಿ ಪಿಸಿಎಂಗೆ ಒಬ್ಬರೇ ಇರುವುದು. ಅವರನ್ನು ಓಓಡಿ (ಶಾಲೆಯ ಹೊರಗಿನ ಕರ್ತವ್ಯ) ಮೇಲೆ ಕಳಿಸಿದರೆ ಮೂರು ಕ್ಲಾಸಿನ ಗಣಿತ ನಿಲ್ಲುತ್ತದೆ. ನಾನು ಹೋದ ವಾರವೂ ನನ್ನ ಮಕ್ಕಳು ಹಾಗೇ ಕೂತಿದ್ದರು. ಬಂದ ಮೇಲೆ ಎರಡು ಶನಿವಾರ ಹೆಚ್ಚು ಹೊತ್ತು ಕೂರಿಸಿ ಪಾಠ ಮುಗಿಸಿದೆ. ಎಲ್ಲರಿಗೂ ಅದು ಆಗುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಒಬ್ಬ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆ ಕಲಿಕೆ ಇರಬೇಕು ಅನ್ನುತ್ತದೆ. ಆ 50 ಗಂಟೆ ಮಕ್ಕಳ ಪಾಠದಿಂದಲೇ ಹೋಗಬೇಕಾ?

ಚಿಕ್ಕಪ್ಪ: ದಸರಾ ರಜೆಯಲ್ಲಿ ಮಾಡಲಿ. ಬದಲಿಗೆ ಗಳಿಕೆ ರಜೆ ಸೇರಿಸಿ ಕೊಡಲಿ.

ನಾನು: ದಸರಾದಲ್ಲಿ ಕರೆದರೆ ನಾನು ಬರುತ್ತೇನೆ. ಚಿಕ್ಕ ಮಕ್ಕಳಿರುವ ಶಿಕ್ಷಕಿಯರಿಗೆ ಊರು ಬಿಟ್ಟು ವಾರ ಇರುವುದು ಕಷ್ಟ, ಅದನ್ನೂ ಯೋಚಿಸಬೇಕು. ಶಾಲೆ ನಡೆಯುವಾಗಲೇ ಕರೆಯುವುದಾದರೆ ಆ ವಾರಕ್ಕೆ ಅತಿಥಿ ಶಿಕ್ಷಕರನ್ನು ಮೊದಲೇ ಗೊತ್ತು ಮಾಡಬೇಕು. ಅಣ್ಣ, ನೀನು ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿ ಸದಸ್ಯ ಅಲ್ವಾ? ಫಾರ್ವರ್ಡ್ ಕಳಿಸುವ ಬದಲು ಇದನ್ನು ಸಭೆಯಲ್ಲಿ ಕೇಳು. ಮೇಷ್ಟ್ರನ್ನು ತರಬೇತಿಗೆ ಬಿಡಿ, ಬದಲಿ ಕೊಡಿ ಅಂತ ಬರೆದು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಕೊಡಿ.

ಅಣ್ಣ: ಮುಂದಿನ ಸಭೆಯಲ್ಲಿ ಇಡುತ್ತೇನೆ. ಅರ್ಜಿ ನೀನೇ ಬರೆದು ಕೊಡು. ಬದಲಿ ಇಲ್ಲದೆ ಕಳಿಸಿದರೆ ಮಾತ್ರ ನಾನು ಮತ್ತೆ ಜಗಳ ಮಾಡುವವನೇ.

ನಾನು: ಮಾಡು. ನಾಳೆ ಬರೆದು ಕಳಿಸುತ್ತೇನೆ.

ಅಣ್ಣ: ಆ ಬಲ್ಬಿನದ್ದು ಇಲ್ಲಿ ಪ್ರಯತ್ನ ಮಾಡುತ್ತಿದ್ದೇವೆ. ಇನ್ನೂ ಹೊತ್ತಿಕೊಂಡಿಲ್ಲ.

ನಾನು: ಬಲ್ಬಿನ ಪಕ್ಕದ ಲೋಹಕ್ಕೆ ತಂತಿ ಮುಟ್ಟಿದೆಯಾ ನೋಡು.