ಹಳೇ ಮಿಲ್ ಜಾಗದಲ್ಲಿ ಟೆಕ್ ಆಫೀಸು: ಸರ್ಕಾರದ ದುಡ್ಡು ಹಾಕಬೇಕಾ?

ಲಾಲ್‌ಬಾಗ್ ಹುಡುಗ: ಮುಂಬೈನಲ್ಲಿ ಮುಚ್ಚಿದ ಬಟ್ಟೆ ಮಿಲ್‌ಗಳನ್ನು ಸ್ಟಾರ್ಟಪ್‌ಗಳಿಗೆ ಸಜ್ಜು ಮಾಡಲು ಸರ್ಕಾರವೇ ದುಡ್ಡು ಕೊಡಲಿ ಅಂತ ನಮ್ಮ ಕನ್ನಡ ಸಂಘದಲ್ಲಿ ಚರ್ಚೆಯಾಯಿತು. ನಿಮಗೇನನ್ನಿಸುತ್ತೆ?

ಪರೇಲ್ ಭಟ್ರು: ಕೊಡಲಿ, ಆದರೆ ಕರಾರು ಗಟ್ಟಿಯಾಗಿರಲಿ. ನಾನು ಮಿಲ್ ಒಂದರಲ್ಲಿ ಲೆಕ್ಕ ಬರೆಯುತ್ತಿದ್ದವನು, 1982ರ ಮಿಲ್ ಕಾರ್ಮಿಕರ ಮುಷ್ಕರ ಕಣ್ಣಾರೆ ಕಂಡವನು. 1991ರ ನಿಯಮದಲ್ಲಿ ಮಿಲ್ ಜಾಗ ಮೂರು ಪಾಲು: ಮೈದಾನ, ಉದ್ಯಾನಕ್ಕೆ ಪಾಲಿಕೆಗೊಂದು, ಮನೆಗಳಿಗೆ ಸರ್ಕಾರದ ವಸತಿ ಸಂಸ್ಥೆ ಮ್ಹಾಡಾಗೊಂದು, ಮಾಲೀಕರಿಗೊಂದು. 2001ರಲ್ಲಿ ತಿದ್ದುಪಡಿ ತಂದು, ಖಾಲಿ ಜಾಗವನ್ನಷ್ಟೇ ಹಂಚಿದರೆ ಸಾಕು ಅಂದರು. ಮಿಲ್‌ನಲ್ಲಿ ಖಾಲಿ ಜಾಗ ಎಲ್ಲಿರುತ್ತೆ ಹೇಳಿ? ತುಂಬಾ ಶೆಡ್‌ಗಳೇ. 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಜನರ ಪಾಲು ಕರಗಿಹೋಯಿತು. ನನಗೆ ಇವತ್ತಿಗೂ ಸಂಕಟವಾಗುತ್ತೆ.

ಶೆಡ್ ಮಾತ್ರ ಕೆಡವಬೇಡಿ. ಗರಗಸದ ಹಲ್ಲಿನಂಥ ಆ ಚಾವಣಿಯ ಗಾಜು ಉತ್ತರಕ್ಕೆ ಮುಖ ಮಾಡಿರುತ್ತೆ. ಬಿಸಿಲು ನೇರ ಬೀಳಲ್ಲ, ಆದರೂ ಮಗ್ಗದ ಎಳೆ ಎಳೆಯೂ ಕಾಣುವಷ್ಟು ಬೆಳಕು. ಕಂಪ್ಯೂಟರ್ ಮುಂದೆ ಕೂರುವವರಿಗೆ ಇದಕ್ಕಿಂತ ಒಳ್ಳೇ ಜಾಗ ಬೇಕಾ?

ಥಾಣೆ ಕೋಡರ್: ಭಟ್ರೇ, ನೀವು ಹೇಳಿದ್ದು ಸರಿ. ನಾವು ನಾಲ್ವರು ಲೋವರ್ ಪರೇಲ್‌ನಲ್ಲಿ ಜಾಗ ಹುಡುಕಿದೆವು, ಬಾಡಿಗೆ ಕೇಳಿಯೇ ವಾಪಸ್ ಬಂದೆವು. ಸರ್ಕಾರ ದುಡ್ಡು ಹಾಕಿದ ಕಟ್ಟಡದಲ್ಲಿ ಚಿಕ್ಕ ಕಂಪನಿಗಳಿಗೆ ಕಡಿಮೆ ಬಾಡಿಗೆ ಇಷ್ಟು ವರ್ಷ ಅಂತ ಮೊದಲೇ ಬರೆಸಿಕೊಳ್ಳಬೇಕು. ಇಲ್ಲಾಂದ್ರೆ ಸುಮ್ನೆ ಬಿಲ್ಡರ್ ಜೇಬಿಗೆ.

ಪರೇಲ್ ಭಟ್ರು: ಜೊತೆಗೆ ಕಾರ್ಮಿಕರ ಮಕ್ಕಳಿಗೆ ಅಲ್ಲೇ ತರಬೇತಿ, ಕೆಲಸ. ಅದನ್ನೂ ಕರಾರಿನಲ್ಲೇ ಸೇರಿಸಿ.