ಮುಂದಿನ ಎರಡು ಹಲ್ಲು ಹೋದವು, ಆಟೋದವರು 15 ಸಾವಿರ ಕೊಡ್ತೀವಿ ಅಂತಾರೆ. ಒಪ್ಪಿಕೊಳ್ಳಲಾ?

ಕ್ಲಾರಿಯೋನೆಟ್ ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಬ್ಯಾಂಡ್ ಸೆಟ್‌ನಲ್ಲಿ ಕ್ಲಾರಿಯೋನೆಟ್ ನುಡಿಸುವವನು. ವಯಸ್ಸು 41. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ, ಬೇರೆ ಏನೂ ಬರಲ್ಲ.

ಕಳೆದ ತಿಂಗಳು ಭರಮಸಾಗರದ ಹತ್ತಿರ ಒಂದು ಮದುವೆ ಮುಗಿಸಿ ವಾಪಸ್ ಬರುತ್ತಿದ್ದೆವು. ಡ್ರಮ್ ಬಾರಿಸುವ ಹುಡುಗ ಬೈಕ್ ಓಡಿಸುತ್ತಿದ್ದ. ನಾನು ಹಿಂದೆ, ವಾದ್ಯದ ಪೆಟ್ಟಿಗೆ ತೊಡೆ ಮೇಲೆ. ಸರ್ವಿಸ್ ರೋಡಿನಲ್ಲಿ ಟೊಮೆಟೊ ಕ್ರೇಟ್ ತುಂಬಿದ ಲಗೇಜ್ ಆಟೋ ಇಂಡಿಕೇಟರ್ ಹಾಕದೆ ಸೀದಾ ಬಲಕ್ಕೆ ತಿರುಗಿತು. ಹುಡುಗನಿಗೆ ಮೊಣಕೈ ತರಚಿತು ಅಷ್ಟೆ. ನನ್ನ ಮುಖ ಆಟೋದ ಕಬ್ಬಿಣದ ಪಟ್ಟಿಗೆ ಬಡಿಯಿತು. ಟೋಪಿ ತರಹದ ಅರ್ಧ ಹೆಲ್ಮೆಟ್ ಹಾಕಿದ್ದೆ. ತಲೆ ಉಳಿಯಿತು, ಬಾಯಿ ಉಳಿಯಲಿಲ್ಲ. ಪೆಟ್ಟಿಗೆಗೆ ಮಾತ್ರ ಒಂದು ಗೀರೂ ಬಿದ್ದಿಲ್ಲ, ಬಿದ್ದಾಗಲೂ ತಬ್ಬಿಕೊಂಡೇ ಇದ್ದೆನಂತೆ.

ಮೇಲಿನ ಸಾಲಿನ ಮುಂದಿನ ಎರಡು ಹಲ್ಲಿನಲ್ಲಿ ಒಂದು ಬೇರುಸಮೇತ ಕಿತ್ತು ಬಂತು. ಇನ್ನೊಂದು ಅರ್ಧಕ್ಕೆ ಮುರಿಯಿತು. ಕಿತ್ತುಬಂದದ್ದನ್ನು ಹುಡುಗ ಮಣ್ಣಿನಲ್ಲಿ ಹುಡುಕಿ ಕರವಸ್ತ್ರದಲ್ಲಿ ಕಟ್ಟಿಟ್ಟಿದ್ದ. ಆಸ್ಪತ್ರೆಯಲ್ಲಿ ತುಟಿಗೆ ಐದು ಹೊಲಿಗೆ ಹಾಕಿ ಕಳಿಸಿದರು. ಹಲ್ಲಿನ ಡಾಕ್ಟರ್ ಹತ್ತಿರ ಹೋದದ್ದು ಮಾರನೇ ದಿನ. ಇನ್ನು ಕೂರಿಸೋಕೆ ಆಗಲ್ಲ ಅಂದರು. ಎರಡಕ್ಕೂ ಇಂಪ್ಲಾಂಟ್ ಹಾಕಿಸಿದರೆ 70 ಸಾವಿರದ ಹತ್ತಿರ ಆಗುತ್ತದಂತೆ.

ಈ ವಾದ್ಯ ಗೊತ್ತಿಲ್ಲದವರಿಗೆ ಒಂದು ಮಾತು. ಕೆಳತುಟಿಯನ್ನು ಕೆಳಹಲ್ಲಿನ ಮೇಲೆ ಮಡಚಿ ರೀಡ್‌ಗೆ, ಅಂದರೆ ಊದಿದಾಗ ಅದುರುವ ತೆಳು ಪಟ್ಟಿಗೆ, ಒತ್ತುತ್ತೇವೆ. ಮೇಲಿನ ಎರಡು ಹಲ್ಲು ನೇರ ಮೌತ್‌ಪೀಸ್ ಮೇಲೆ ಕೂರಬೇಕು. ನನ್ನ ಮೌತ್‌ಪೀಸ್ ಮೇಲೆ ಆ ಹಲ್ಲುಗಳು ಒತ್ತಿ ಒತ್ತಿ ಎರಡು ಸಣ್ಣ ಗುಳಿ ಬಿದ್ದಿವೆ. ಮೊನ್ನೆ ಬಾಯಿಗಿಟ್ಟು ನೋಡಿದೆ. ಗುಳಿ ಇದ್ದಲ್ಲೇ ಇವೆ. ಊದಿದರೆ ಪಕ್ಕದಿಂದ ಗಾಳಿ ಸೋರುತ್ತದೆ, ಮೇಲಿನ ಸ್ವರಕ್ಕೆ ಹೋದರೆ ಕೀಚ್ ಅನ್ನುತ್ತದೆ. ಹಿಡಿದಿದ್ದ ಆರು ಮದುವೆಯ ವೀಳ್ಯ ವಾಪಸ್ ಕೊಟ್ಟೆ.

ಆಟೋ ಮಾಲೀಕರು ಪರಿಚಯದವರ ಮೂಲಕ ಹೇಳಿ ಕಳಿಸಿದ್ದಾರೆ: "ಎರಡು ಹಲ್ಲಿಗೆ ಯಾಕೆ ಕೇಸು, 15 ಸಾವಿರ ತಗೊಂಡು ಒಂದು ಸಹಿ ಹಾಕಿಬಿಡಿ." ಅಪಘಾತ ಆಗಿ 26 ದಿನ ಆಯಿತು. ನಾನಿನ್ನೂ ದೂರು ಕೊಟ್ಟಿಲ್ಲ. ಆಸ್ಪತ್ರೆಯಲ್ಲಿ ಪೊಲೀಸರು ಬಂದು ಕೇಳಿದಾಗ ಮಾತಾಡೋಕೆ ಆಗುತ್ತಿರಲಿಲ್ಲ, ಆಮೇಲೆ ಹೇಳ್ತೀನಿ ಅಂತ ಕೈಸನ್ನೆ ಮಾಡಿದ್ದೆ. ಆಸ್ಪತ್ರೆ ಚೀಟಿಯಲ್ಲಿ ಎಂಎಲ್‌ಸಿ (ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವ ಗಾಯದ ಕೇಸು) ನಂಬರ್ ಇದೆ. ಆದರೆ ತುಟಿ ಸೀಳಿದೆ ಅಂತ ಮಾತ್ರ ಬರೆದಿದ್ದಾರೆ, ಹಲ್ಲಿನ ಸುದ್ದಿಯೇ ಇಲ್ಲ. ನಮಗೆ ಸಂಬಳದ ಚೀಟಿ ಗಿಚೀಟಿ ಇರಲ್ಲ, ಎಲ್ಲ ಕೈಗೆ ಕೊಡೋ ದುಡ್ಡು. ಹಲ್ಲಿಗೂ ಪರಿಹಾರ ಸಿಗುತ್ತಾ? ಕೇಳಿದವರೆಲ್ಲ ನಗುತ್ತಾರೆ.

ವಕೀಲರ ಗುಮಾಸ್ತ, ಚಿತ್ರದುರ್ಗ:

ಅಣ್ಣಾ, ಮೊದಲು ಆ ಸಹಿ ಹಾಕಬೇಡಿ. ಮಿಕ್ಕಿದ್ದು ಆಮೇಲೆ.

ನಗುವವರಿಗೆ ಇದನ್ನು ಓದಿ ಹೇಳಿ. ಮೂಳೆ ಮುರಿದರೂ ಒಂದೇ, ಹಲ್ಲು ಮುರಿದರೂ ಒಂದೇ, ಎರಡೂ ಕಾನೂನಿನಲ್ಲಿ ತೀವ್ರ ಗಾಯ. ಹಳೇ ಐಪಿಸಿ 320ರಲ್ಲಿ ಹೀಗೇ ಇತ್ತು, ಈಗಿನ ಭಾರತೀಯ ನ್ಯಾಯ ಸಂಹಿತೆಯ 116ರಲ್ಲೂ ಹೀಗೇ ಇದೆ. ಅದಕ್ಕೇ ನಿಮ್ಮ ಚೀಟಿಯಲ್ಲಿ ಹಲ್ಲಿನ ವಿಷಯ ಇಲ್ಲದಿರುವುದು ದೊಡ್ಡ ತೊಂದರೆ. ವೂಂಡ್ ಸರ್ಟಿಫಿಕೇಟ್ (ಆಸ್ಪತ್ರೆ ಕೊಡುವ ಗಾಯದ ಪ್ರಮಾಣಪತ್ರ) ಬರೆಯುವಾಗ ಅದೇ ಚೀಟಿ ನೋಡಿ 'ಸಾಧಾರಣ ಗಾಯ' ಅಂತ ಬರೆದುಬಿಟ್ಟರೆ ಕೇಸು ಅಲ್ಲೇ ಅರ್ಧ ಸಣ್ಣದಾಗುತ್ತದೆ. ಎಕ್ಸ್‌ರೇ, ಹಲ್ಲಿನ ಡಾಕ್ಟರ್ ಚೀಟಿ ತಗೊಂಡು ಅದೇ ಆಸ್ಪತ್ರೆಗೆ ಹೋಗಿ, ಸೇರಿಸಿ ಅಂತ ಅರ್ಜಿ ಕೊಡಿ.

ದೂರು ತಡ ಆಯಿತು ಅಂತ ಹೆದರಬೇಡಿ. ಯಾಕೆ ತಡವಾಯಿತು ಅಂತ ದೂರಿನಲ್ಲೇ ಬರೆಯಿರಿ, ಎಂಎಲ್‌ಸಿ ಇರುವುದರಿಂದ ಒಳ್ಳೆಯದೇ ಆಯಿತು. ಆದರೆ ಇನ್ನು ಒಂದು ದಿನವೂ ಸುಮ್ನೆ ಕೂರಬೇಡಿ. ಪರಿಹಾರದ ಅರ್ಜಿಗೆ ಅಪಘಾತದ ದಿನದಿಂದ 6 ತಿಂಗಳ ಗಡುವಿದೆ. 2022ರ ಏಪ್ರಿಲ್‌ನಿಂದ ಹೀಗಾಗಿದೆ, ಹಳಬರು ಯಾವಾಗ ಬೇಕಾದರೂ ಹಾಕಬಹುದು ಅಂದರೆ ನಂಬಬೇಡಿ. ಅಪಘಾತ ನಮ್ಮ ಜಿಲ್ಲೆಯಲ್ಲಿ ಆಗಿದ್ದರೂ ನೀವಿರುವುದು ದಾವಣಗೆರೆ, ಆದ್ದರಿಂದ ಅರ್ಜಿಯನ್ನು ಅಲ್ಲೇ ಹಾಕಬಹುದು. ಎಫ್‌ಐಆರ್‌ಗೆ ಮಾತ್ರ ಈ ಕಡೆ ಓಡಾಡಬೇಕು.

ಹಣ ಕೊಡುವುದು ಆಟೋದ ಇನ್ಶೂರೆನ್ಸ್ ಕಂಪನಿ. ಗಾಡಿ ನಂಬರ್ ಹಾಕಿ ಎಂಪರಿವಾಹನ್ ಆ್ಯಪ್‌ನಲ್ಲಿ ನೋಡಿ, ಆ ದಿನ ಇನ್ಶೂರೆನ್ಸ್ ಇತ್ತಾ ಅಂತ ಗೊತ್ತಾಗುತ್ತದೆ. ಮಾಲೀಕರು ಕೇಸು ಬೇಡ ಅನ್ನುತ್ತಿರುವುದು ನೋಡಿದರೆ ನನಗೆ ಅಲ್ಲೇ ಡೌಟು. ಹುಡುಗನದ್ದೂ ಸ್ವಲ್ಪ ತಪ್ಪು ಅಂತ ಅವರು ವಾದಿಸಬಹುದು. ನೀವು ಹಿಂದೆ ಕೂತವರು, ಅದರಿಂದ ನಿಮ್ಮ ದುಡ್ಡು ಕಡಿಮೆ ಆಗಬಾರದು. ಅರ್ಧ ಹೆಲ್ಮೆಟ್ ವಿಷಯವನ್ನಂತೂ ಎತ್ತೇ ಎತ್ತುತ್ತಾರೆ, ಇದ್ದದ್ದು ಇದ್ದ ಹಾಗೆ ಹೇಳಿ.

ಮುಖ್ಯವಾದದ್ದು ನಿಮ್ಮ ಕಸುಬು. ಎರಡು ಹಲ್ಲಿಗೆ ಡಾಕ್ಟರ್ ಬರೆಯುವ ಅಂಗವೈಕಲ್ಯದ ಪರ್ಸೆಂಟ್ ಸಣ್ಣದೇ ಇರುತ್ತದೆ. ಆದರೆ ರಾಜ್‌ಕುಮಾರ್–ಅಜಯ್ ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ, ದೇಹದ ಪರ್ಸೆಂಟ್ ಬೇರೆ, ದುಡಿಮೆಯ ನಷ್ಟ ಬೇರೆ. ಎಡಗೈ ಹೋದರೆ ಗುಮಾಸ್ತನ ಕೆಲಸ ಉಳಿಯಬಹುದು, ಡ್ರೈವರ್ ಅಥವಾ ಬಡಗಿಯದ್ದು ಪೂರ್ತಿ ಹೋಗುತ್ತದೆ ಅಂತ ಅಲ್ಲಿ ಉದಾಹರಣೆ ಕೊಟ್ಟಿದ್ದಾರೆ. ನನ್ನ ಮುಂದಿನ ಹಲ್ಲು ಹೋದರೆ ನನ್ನ ಫೈಲು ನಿಲ್ಲಲ್ಲ. ನಿಮ್ಮ ಮದುವೆಗಳು ನಿಂತಿವೆ ಅಲ್ವಾ? ಅದನ್ನು ತೋರಿಸಿ. ಬ್ಯಾಂಡ್ ಸೆಟ್ ಮಾಲೀಕರ ಲೆಕ್ಕದ ಪುಸ್ತಕ, ವಾಪಸ್ ಕೊಟ್ಟ ವೀಳ್ಯ, ಫೋನ್‌ಪೇಯಲ್ಲಿ ಬಂದ ಅಡ್ವಾನ್ಸ್, ಮದುವೆ ವಿಡಿಯೋ, ಏನಿದೆಯೋ ಎಲ್ಲ ಕೂಡಿಸಿಡಿ.

ಮೋಟಾರು ವಾಹನ ಕಾಯ್ದೆಯ 164ನೇ ಕಲಂ ಅಂತ ಇನ್ನೊಂದು ದಾರಿ ಇದೆ. ತಪ್ಪು ಯಾರದು ಅಂತ ಸಾಬೀತು ಮಾಡಬೇಕಿಲ್ಲ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ. ಆಟೋದವರ ತಪ್ಪು ತೋರಿಸಿ ಕೇಳುವ 166ನೇ ಕಲಂ ಲಾಭವೋ ಇದು ಲಾಭವೋ ಅಂತ ವಕೀಲರ ಹತ್ತಿರ ಲೆಕ್ಕ ಹಾಕಿಸಿ. ಬಂದ ಹಣದಲ್ಲಿ ಇಷ್ಟು ಪರ್ಸೆಂಟ್ ನಮಗೆ ಅನ್ನುವ ವಕೀಲರು ಸಿಗುತ್ತಾರೆ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ಹಾಗೆ ಕೇಳುವಂತಿಲ್ಲ. (ನಾನು ಹೇಳಿದೆ ಅಂತ ಹೇಳಬೇಡಿ.)

ಹಲ್ಲಿನ ಹೌಸ್ ಸರ್ಜನ್:

ಸರ್, ಓದಿ ಬೇಜಾರಾಯಿತು. ಬೇರುಸಮೇತ ಬಂದ ಹಲ್ಲನ್ನು ಬೇರು ಮುಟ್ಟದೆ ಹಿಡಿದು, ಹಾಲಿನಲ್ಲಿ ಹಾಕಿ ಒಂದು ಗಂಟೆಯೊಳಗೆ ತಂದಿದ್ದರೆ ಮತ್ತೆ ಕೂರಿಸಿ ನೋಡಬಹುದಿತ್ತು. ಬಟ್ಟೆಯಲ್ಲಿ ಕಟ್ಟಿದರೆ ಬೇರಿನ ಮೇಲಿನ ಪದರ ಒಣಗುತ್ತದೆ. ನಿಮ್ಮ ಬ್ಯಾಂಡಿನ ಹುಡುಗರಿಗೆ ಇದನ್ನು ಹೇಳಿಡಿ.

ಮುರಿದ ಹಲ್ಲನ್ನು ಆತುರದಲ್ಲಿ ಕೀಳಿಸಬೇಡಿ. ಬೇರು ಗಟ್ಟಿ ಇದ್ದರೆ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬಹುದು, ಇಂಪ್ಲಾಂಟ್ ಒಂದೇ ಸಾಕಾಗಬಹುದು. ಇನ್ನೊಬ್ಬರ ಅಭಿಪ್ರಾಯ ಕೇಳಿ. ಊರಲ್ಲೇ ಎರಡು ಡೆಂಟಲ್ ಕಾಲೇಜು ಇವೆ, ಖರ್ಚೂ ಕಡಿಮೆ.

ಚಿಕಿತ್ಸೆ ಶುರು ಮಾಡುವ ಮೊದಲು ಬಾಯಿಯ ಫೋಟೋ, ಒಪಿಜಿ (ಪೂರ್ತಿ ದವಡೆಯ) ಎಕ್ಸ್‌ರೇ ತೆಗೆಸಿಟ್ಟುಕೊಳ್ಳಿ. ಆಮೇಲೆ ಮೊದಲು ಹೇಗಿತ್ತು ಅಂತ ತೋರಿಸೋಕೆ ಆಗಲ್ಲ. ಹಲ್ಲಿಗೆ ನಂಬರ್ ಇದೆ. ಮೇಲಿನ ಮುಂದಿನವು 11 ಮತ್ತು 21. ಯಾವುದು ಕಿತ್ತಿದೆ, ಯಾವುದು ಮುರಿದಿದೆ ಅಂತ ನಂಬರ್ ಸಮೇತ ಬರೆಸಿಕೊಳ್ಳಿ. ಕ್ಯಾಪ್ ಜೀವಮಾನಪೂರ್ತಿ ಬಾಳಲ್ಲ, ಮುಂದೆ ಬದಲಿಸಬೇಕಾಗುತ್ತದೆ. ಆ ಖರ್ಚೂ ಅಂದಾಜು ಪತ್ರದಲ್ಲಿ ಇರಲಿ.

ಚಳ್ಳಕೆರೆ ಅಕ್ಕ:

ತಮ್ಮಾ, ನಮ್ಮ ಯಜಮಾನರಿಗೆ ದವಡೆ ಮುರಿದು ನಾಲ್ಕು ಹಲ್ಲು ಹೋಗಿದ್ದವು. ಎರಡೂವರೆ ವರ್ಷ ಅಲೆದೆವು. ನಾವು ಮಾಡಿದ ತಪ್ಪು ನೀನು ಮಾಡಬೇಡ. ಸರ್ಟಿಫಿಕೇಟ್ ಕೊಟ್ಟ ಡಾಕ್ಟರ್ ಕೋರ್ಟಿಗೆ ಬಂದು ಸಾಕ್ಷಿ ಹೇಳಬೇಕು, ಬರೀ ಕಾಗದ ನಡೆಯಲ್ಲ. ನಮ್ಮ ಡಾಕ್ಟರ್ ಅಷ್ಟೊತ್ತಿಗೆ ಊರು ಬಿಟ್ಟು ಹೋಗಿದ್ದರು. ಬರುತ್ತೀರಾ ಅಂತ ಮೊದಲೇ ಕೇಳಿ ನೋಡು. ಮೆಡಿಕಲ್ ಶಾಪಿನ ಬಿಲ್ಲಿನ ಅಕ್ಷರ ಅಳಿಸಿ ಹೋಗುತ್ತೆ, ಇವತ್ತೇ ಜೆರಾಕ್ಸ್ ಮಾಡಿಸು. ಕೊನೆಗೆ ಲೋಕ ಅದಾಲತ್‌ನಲ್ಲಿ ಮುಗಿಸಿದೆವು. ಅಲ್ಲಿ ಒಪ್ಪಿಕೊಂಡ ಮೇಲೆ ಅಪೀಲು ಇರಲ್ಲ, ಆ ದಿನ ಗಡಿಬಿಡಿ ಮಾಡಬೇಡ.

ಕ್ಲಾರಿಯೋನೆಟ್ ದಾವಣಗೆರೆ:

ಎಲ್ಲರಿಗೂ ಕೈ ಮುಗಿದೆ. ನಿನ್ನೆ ದೂರು ಕೊಟ್ಟು ಬಂದೆ. ಬ್ಯಾಂಡ್ ಸೆಟ್ ಮಾಲೀಕರು ಮೂರು ವರ್ಷದ ಲೆಕ್ಕದ ಪುಸ್ತಕ ಕೊಡುತ್ತೇನೆ ಅಂದರು, ಸಾಕ್ಷಿಗೂ ಬರುತ್ತಾರಂತೆ. ಮುರಿದ ಹಲ್ಲಿನ ಬೇರು ಗಟ್ಟಿ ಇದೆಯಂತೆ, ಫೋಟೋ ತೆಗೆಸಿ ಆಯಿತು, ಸೋಮವಾರ ರೂಟ್ ಕೆನಾಲ್. ಆಟೋದವರು ಈಗ 25 ಸಾವಿರ ಅನ್ನುತ್ತಿದ್ದಾರೆ!

ಕಿತ್ತುಬಂದ ಹಲ್ಲು ಇನ್ನೂ ಅದೇ ಕರವಸ್ತ್ರದಲ್ಲಿದೆ. ಅದನ್ನೂ ಕೋರ್ಟಿಗೆ ತರಬೇಕಾ?

ವಕೀಲರ ಗುಮಾಸ್ತ, ಚಿತ್ರದುರ್ಗ:

ಅದು ಬೇಡ ಅಣ್ಣಾ, ಎಕ್ಸ್‌ರೇ ಸಾಕು. ಗುಳಿ ಬಿದ್ದಿರೋ ಆ ಮೌತ್‌ಪೀಸ್ ತನ್ನಿ.