ಡೆಂಗ್ಯೂ ಆಗಿ ಮೂರು ತಿಂಗಳಿಗೆ ಕೂದಲು ಹಿಡಿ ಹಿಡಿ ಉದುರ್ತಿದೆ, ಮಿನಾಕ್ಸಿಡಿಲ್ ಶುರು ಮಾಡಬಹುದಾ?

ತುಂಗಾತೀರ:
ತಂಗಿಗೆ 29 ವರ್ಷ. ಆಗಸ್ಟ್ ಮೊದಲ ವಾರ ಡೆಂಗ್ಯೂ ಬಂದು ಆರು ದಿನ 103 ಡಿಗ್ರಿ ಜ್ವರ ಇತ್ತು. ನವೆಂಬರ್‌ನಿಂದ ತಲೆಗೆ ನೀರು ಹಾಕಿಕೊಂಡಾಗೆಲ್ಲ ಬಚ್ಚಲ ಜಾಲರಿ ತುಂಬ ಕೂದಲು. ಬೋರ್‌ವೆಲ್ ನೀರಿನಿಂದ ಅಂತ ಮನೆಯವರ ವಾದ. ಹಿಮೋಗ್ಲೋಬಿನ್ 11.8, ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ದಾಸ್ತಾನು) 14, ಟಿಎಸ್‌ಎಚ್ 2.9 (ಥೈರಾಯ್ಡ್ ಪರೀಕ್ಷೆ). ಲ್ಯಾಬ್‌ನವರು ಫೆರಿಟಿನ್ ನಾರ್ಮಲ್ ಅಂತ ಬರೆದಿದ್ದಾರೆ. ಮೆಡಿಕಲ್ ಶಾಪ್‌ನಲ್ಲಿ 5% ಮಿನಾಕ್ಸಿಡಿಲ್ (ಕೂದಲು ಬೆಳೆಯಲು ತಲೆಗೆ ಹಚ್ಚುವ ಔಷಧಿ), 10 ಮಿ.ಗ್ರಾಂ ಬಯೋಟಿನ್ ಅನ್ನೋ ವಿಟಮಿನ್ ಮಾತ್ರೆ ಕೊಟ್ಟರು. ಇನ್ನೂ ಮುಟ್ಟಿಲ್ಲ. ಶುರು ಮಾಡಬಹುದಾ? ತಿರುಪತಿಗೆ ಮುಡಿ ಕೊಟ್ಟರೆ ದಟ್ಟವಾಗಿ ಬರುತ್ತೆ ಅಂತ ಅಜ್ಜಿ ಹೇಳ್ತಿದ್ದಾರೆ, ಅದು ನಿಜವಾ?

ಚರ್ಮವೈದ್ಯೆ:
ಮುಟ್ಟದೆ ಇಟ್ಟಿದ್ದು ಒಳ್ಳೆಯದಾಯಿತು. ಕೂದಲು ವಿಪರೀತ ಉದುರಲು ಶುರುವಾದಾಗ ಮೊದಲು ಕ್ಯಾಲೆಂಡರ್‌ನಲ್ಲಿ ಎರಡು ಮೂರು ತಿಂಗಳು ಹಿಂದಕ್ಕೆ ಹೋಗಿ ನೋಡಬೇಕು. ಜೋರು ಜ್ವರ, ಹೆರಿಗೆ, ದೊಡ್ಡ ಆಪರೇಷನ್, ಊಟ ಬಿಟ್ಟು ತೂಕ ಇಳಿಸಿದ್ದು, ಹೆಚ್ಚಾಗಿ ಇವುಗಳಲ್ಲಿ ಒಂದು ಅಲ್ಲಿ ಸಿಗುತ್ತದೆ. ನಿಮ್ಮ ತಂಗಿಯ ಲೆಕ್ಕ ಸರಿಯಾಗಿ ಕೂಡುತ್ತಿದೆ.

ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತವೆ. ಅವುಗಳಲ್ಲಿ ನೂರಕ್ಕೆ 10ರಿಂದ 15 ಯಾವಾಗಲೂ ವಿಶ್ರಾಂತಿಯಲ್ಲಿರುತ್ತವೆ. ಹಾಗಾಗಿ ದಿನಕ್ಕೆ 50–100 ಉದುರುವುದು ಸಹಜ. ಜ್ವರದ ಹೊಡೆತಕ್ಕೆ ಬೆಳೆಯುತ್ತಿದ್ದ ಕೂದಲೂ ಒಟ್ಟೊಟ್ಟಿಗೆ ವಿಶ್ರಾಂತಿಗೆ ಇಳಿದುಬಿಡುತ್ತವೆ. ಇಳಿದ ಕೂಡಲೇ ಬೀಳುವುದಿಲ್ಲ, ಮೂರು ತಿಂಗಳು ಗುಳಿಯಲ್ಲೇ ಕೂತಿದ್ದು ಆಮೇಲೆ ಒಟ್ಟಿಗೆ ಕಳಚುತ್ತವೆ. ಇದಕ್ಕೆ ಟೆಲೋಜೆನ್ ಎಫ್ಲೂವಿಯಂ ಎನ್ನುತ್ತಾರೆ.

ಉದುರಿದ ಕೂದಲನ್ನು ಕಪ್ಪು ಬಟ್ಟೆಯ ಮೇಲಿಟ್ಟು ಬೆಳಕಿಗೆ ಹಿಡಿಯಿರಿ. ಒಂದು ತುದಿಯಲ್ಲಿ ಗಸಗಸೆಗಿಂತ ಚಿಕ್ಕ ಬಿಳಿ ಗಂಟು ಕಂಡರೆ ಇದೇ. ಅದನ್ನು ನೋಡಿ "ಬೇರು ಸಮೇತ ಬಂತು" ಎಂದು ಎಷ್ಟೋ ಹೆಣ್ಣುಮಕ್ಕಳು ಅಳುತ್ತಾರೆ. ಅದು ಬೇರಲ್ಲ, ಬೆಳೆದು ಮುಗಿದ ಕೂದಲಿನ ಬುಡ. ಹೊಸ ಕೂದಲು ಹುಟ್ಟುವ ಗುಳಿ ಒಳಗೆ ಭದ್ರವಾಗಿದೆ. ಗಂಟಿಲ್ಲದ ತುಂಡುಗಳೇ ಹೆಚ್ಚಿದ್ದರೆ ಮಾತ್ರ ಗಡಸು ನೀರು, ಸ್ಟ್ರೇಟ್ನಿಂಗ್, ಒದ್ದೆ ಕೂದಲು ಬಾಚುವ ಅಭ್ಯಾಸದ ಮೇಲೆ ಅನುಮಾನ ಪಡಿ. ಬೋರ್ ನೀರು ಕೂದಲನ್ನು ಒರಟು ಮಾಡಿ ಮುರಿಯಬಹುದು, ಬುಡದಿಂದ ಉದುರಿಸುವುದಿಲ್ಲ.

ಇನ್ನೊಂದು ಪರೀಕ್ಷೆ: ತಲೆ ತೊಳೆದ ಮರುದಿನ 50–60 ಕೂದಲನ್ನು ಹೆಬ್ಬೆರಳು ಮತ್ತು ಎರಡು ಬೆರಳ ನಡುವೆ ಬುಡದಲ್ಲಿ ಹಿಡಿದು, ಜಗ್ಗದೆ ತುದಿಯವರೆಗೆ ನಿಧಾನ ಎಳೆಯಿರಿ. ನೆತ್ತಿ, ಎರಡೂ ಪಕ್ಕ, ಹಿಂಭಾಗ, ನಾಲ್ಕೂ ಕಡೆ ಮಾಡಿ. ಪ್ರತಿ ಸಲ ಆರಕ್ಕಿಂತ ಹೆಚ್ಚು ಬಂದರೆ ಉದುರುವಿಕೆ ಇನ್ನೂ ಜೋರಾಗಿದೆ ಎಂದರ್ಥ. ಸಾಮಾನ್ಯವಾಗಿ ಶುರುವಾದ ಮೂರರಿಂದ ಆರು ತಿಂಗಳಲ್ಲಿ ತಾನಾಗಿ ನಿಲ್ಲುತ್ತದೆ. ಕೂದಲು ತಿಂಗಳಿಗೆ ಒಂದು ಸೆಂ.ಮೀ. ಮಾತ್ರ ಬೆಳೆಯುವುದರಿಂದ ಜಡೆ ಮೊದಲಿನಷ್ಟು ದಪ್ಪ ಕಾಣಲು ವರ್ಷದ ಮೇಲೇ ಹಿಡಿಯುತ್ತದೆ.

ಮುಡಿ ಕೊಡುವುದು ಭಕ್ತಿಯ ವಿಷಯ. ಕತ್ತಿ ಚರ್ಮದ ಮೇಲೆ ಓಡುತ್ತದೆಯೇ ಹೊರತು ಗುಳಿಯನ್ನು ಮುಟ್ಟುವುದಿಲ್ಲ. ಹೊಸ ಕೂದಲಿನ ತುದಿ ಮೊಂಡಾಗಿರುವುದರಿಂದ ದಪ್ಪ ಎನಿಸುತ್ತದೆ, ಅಷ್ಟೇ.

ಔಷಧಿ_ಅಂಗಡಿ:
ಫೆರಿಟಿನ್ ವಿಷಯ ಬಿಡಬೇಡಿ. 14 ಅಂದರೆ ಕಬ್ಬಿಣದ ದಾಸ್ತಾನು ತಳ ಮುಟ್ಟಿದೆ. ಲ್ಯಾಬ್‌ನ ಕೆಳಮಿತಿ ಕೂದಲಿಗಾಗಿ ಹಾಕಿದ್ದಲ್ಲ, ಎಷ್ಟೋ ಚರ್ಮವೈದ್ಯರು ಕನಿಷ್ಠ 40 ಇರಲಿ ಎನ್ನುತ್ತಾರೆ. ಜ್ವರ ಇರುವಾಗ ಫೆರಿಟಿನ್ ಸುಳ್ಳೇ ಏರಿರುತ್ತದೆ, ಡೆಂಗ್ಯೂನಲ್ಲಂತೂ ಬಹಳ. ಆಸ್ಪತ್ರೆಯಲ್ಲಿದ್ದಾಗಿನ ಹಳೇ ರಿಪೋರ್ಟ್ ನೋಡಿ ಮೋಸಹೋಗಬೇಡಿ. ಹೆಣ್ಣುಮಕ್ಕಳಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಅಂದರೆ ರಕ್ತಹೀನತೆ ಶುರು. ತಿಂಗಳ ಮುಟ್ಟಿನಲ್ಲಿ ಹೆಚ್ಚು ಹೋಗುತ್ತಾ ಅಂತಲೂ ಕೇಳಿ. ಸೋರುವ ತೊಟ್ಟಿಗೆ ನೀರು ತುಂಬಿಸಿ ಪ್ರಯೋಜನವಿಲ್ಲ.

ವೈದ್ಯರು ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ದಿನ ಬಿಟ್ಟು ದಿನ ತಗೊಳ್ಳಬಹುದಾ ಕೇಳಿ, ಹಾಗೆ ಮಾಡಿದರೆ ಪ್ರತಿ ಮಾತ್ರೆಯಿಂದ ಹೀರುವಿಕೆ ಹೆಚ್ಚು, ಹೊಟ್ಟೆಗೂ ಹಿತ. ಖಾಲಿ ಹೊಟ್ಟೆಯಲ್ಲಿ ನಿಂಬೆ ಪಾನಕದ ಜೊತೆ. ನಮ್ಮಲ್ಲಿ ಸೋಲುವುದು ಇಲ್ಲೇ: ಬೆಳಗ್ಗೆ ಮಾತ್ರೆ ನುಂಗಿ ಹಿಂದೆಯೇ ಕಾಫಿ ಕುಡಿಯುತ್ತಾರೆ. ಕಾಫಿ, ಟೀಗೆ ಮುಂಚೆ ಒಂದು ಗಂಟೆ, ಆಮೇಲೆ ಎರಡು ಗಂಟೆ ಅಂತರ ಬೇಕು. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ. ಮಲ ಕಪ್ಪಾದರೆ ಹೆದರಬೇಡಿ. ಮೂರು ತಿಂಗಳಿಗೆ ಮತ್ತೆ ಫೆರಿಟಿನ್ ನೋಡಿ.

ಜ್ವರ ಬಿಟ್ಟ ಮೇಲೂ ವಾರಗಟ್ಟಲೆ ಗಂಜಿಯಲ್ಲೇ ದಿನ ದೂಡಿದ್ದರೆ ಪ್ರೋಟೀನ್ ಕೊರತೆಯೂ ಇರುತ್ತದೆ. 55 ಕೆ.ಜಿ. ತೂಕದವರಿಗೆ ದಿನಕ್ಕೆ 45–55 ಗ್ರಾಂ ಬೇಕು. ಎರಡು ಮೊಟ್ಟೆಯಿಂದ ಸಿಗುವುದು 12 ಗ್ರಾಂ ಮಾತ್ರ, ಉಳಿದದ್ದು ಬೇಳೆ, ಕಾಳು, ಮೊಸರಿನಿಂದ ಬರಬೇಕು.

ಬಯೋಟಿನ್ ವಾಪಸ್ ಕೊಡಿ. ಅದರ ಕೊರತೆ ತೀರಾ ಅಪರೂಪ. 10 ಮಿ.ಗ್ರಾಂ ನುಂಗಿ ಥೈರಾಯ್ಡ್ ಪರೀಕ್ಷೆಗೆ ಹೋದರೆ ಕೆಲವು ಯಂತ್ರಗಳಲ್ಲಿ ಟಿಎಸ್‌ಎಚ್ ಸುಳ್ಳೇ ಕಡಿಮೆ ತೋರಿಸುತ್ತದೆ. ಈಗಾಗಲೇ ತಗೊಳ್ಳುತ್ತಿರುವವರು ಪರೀಕ್ಷೆಗೆ ಮೂರು ದಿನ ಮೊದಲು ನಿಲ್ಲಿಸಿ.

ತುಂಗಾತೀರ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬಿಳಿ ಗಂಟು ಕಾಣಿಸ್ತು. ಆದರೆ ಎರಡು ವರ್ಷ ಹಿಂದಿನ ಮದುವೆ ಫೋಟೋ ನೋಡಿದರೆ ಆಗಲೇ ಬೈತಲೆ ಸ್ವಲ್ಪ ಅಗಲ ಇತ್ತು. ಅಮ್ಮನಿಗೂ ಹಾಗೇ ಇದೆ.

ಚರ್ಮವೈದ್ಯೆ:
ಈ ಮಾಹಿತಿ ಮುಖ್ಯ. ವಂಶದಿಂದ ಬರುವ ತೆಳುವಾಗುವಿಕೆ ಸದ್ದಿಲ್ಲದೆ ಸಾಗುತ್ತಿರುತ್ತದೆ, ಜ್ವರ ಬಂದು ಅದನ್ನು ಬಯಲಿಗೆ ತರುತ್ತದೆ. ನೆತ್ತಿಯ ಬೈತಲೆ ಮತ್ತು ಹಿಂದಲೆಯಲ್ಲಿ ತೆಗೆದ ಬೈತಲೆ ಎರಡನ್ನೂ ಪಕ್ಕ ಪಕ್ಕ ಹೋಲಿಸಿ. ನೆತ್ತಿಯಲ್ಲಿ ಮಾತ್ರ ಅಗಲವಿದ್ದು, ಅಲ್ಲಿನ ಕೂದಲು ಕೆಲವು ದಪ್ಪ ಕೆಲವು ನೂಲಿನಂತೆ ಇದ್ದರೆ ಚರ್ಮವೈದ್ಯರಿಗೆ, ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪ್‌ನಲ್ಲಿ ತೋರಿಸಿ. ಮುಟ್ಟು ಏರುಪೇರು, ಗಲ್ಲದ ಮೇಲೆ ಕೂದಲು ಇದ್ದರೆ ಪಿಸಿಒಎಸ್ (ಅಂಡಾಶಯದ ಹಾರ್ಮೋನ್ ತೊಂದರೆ) ಪರೀಕ್ಷೆಯೂ ಬೇಕು.

ವಂಶದ ತೆಳುವಾಗುವಿಕೆಯೇ ಎಂದು ಖಚಿತವಾದರೆ ಮಿನಾಕ್ಸಿಡಿಲ್‌ಗೆ ಅರ್ಥವಿದೆ. ಹೆಂಗಸರಿಗೆ 2% ದ್ರಾವಣ ದಿನಕ್ಕೆರಡು ಸಲ 1 ಎಂ.ಎಲ್., ಅಥವಾ 5% ಫೋಮ್ ದಿನಕ್ಕೊಮ್ಮೆ. ತಲೆ ಪೂರ್ತಿ ಒಣಗಿರಬೇಕು, ಎಣ್ಣೆ ಇರಬಾರದು. ಬೈತಲೆ ತೆಗೆಯುತ್ತ ಚರ್ಮಕ್ಕೆ ಬಿಡಬೇಕು, ಕೂದಲಿಗೆ ಬಳಿದರೆ ದಂಡ. ಕೈ ತೊಳೆದುಕೊಳ್ಳಿ. ರಾತ್ರಿ ಮಲಗುವ ಎರಡು ಗಂಟೆ ಮುಂಚೆಯೇ ಹಚ್ಚಿ, ಇಲ್ಲದಿದ್ದರೆ ದಿಂಬಿನಿಂದ ಮುಖಕ್ಕೆ ತಗುಲಿ ಅಲ್ಲೂ ಕೂದಲು ಬರಬಹುದು. ಮನೆಯಲ್ಲಿ ಬೆಕ್ಕಿದ್ದರೆ ಬಹಳ ಎಚ್ಚರ, ಅದಕ್ಕೆ ಇದು ವಿಷ. ಗರ್ಭಿಣಿಯರು, ಹಾಲೂಡಿಸುವವರು ಬಳಸಬಾರದು.

ಎರಡರಿಂದ ಎಂಟನೇ ವಾರದ ನಡುವೆ ಉದುರುವುದು ಇನ್ನೂ ಹೆಚ್ಚಬಹುದು. ಹೆಚ್ಚಿನವರು ಇಲ್ಲೇ ಹೆದರಿ ಬಾಟಲಿ ಎಸೆಯುತ್ತಾರೆ. ಗುಣ ಕಾಣಲು ನಾಲ್ಕು ತಿಂಗಳಾದರೂ ಬೇಕು. ನಿಲ್ಲಿಸಿದರೆ ಮೂರು ನಾಲ್ಕು ತಿಂಗಳಲ್ಲಿ ಗಳಿಸಿದ್ದೆಲ್ಲ ಹೋಗುತ್ತದೆ. ಅದಕ್ಕೇ ಬರೀ ಜ್ವರದ ಉದುರುವಿಕೆಗೆ ಇದನ್ನು ಹಚ್ಚಿಸಲು ನನಗೆ ಮನಸ್ಸಿಲ್ಲ.

ವೈದ್ಯರ ಬಳಿ ಹೋಗುವ ಮುನ್ನ ಕಿಟಕಿ ಬೆಳಕಿನಲ್ಲಿ, ಒಣ ಕೂದಲಿನಲ್ಲಿ, ನಡು ಬೈತಲೆ ತೆಗೆದು ಮೇಲಿನಿಂದ ಒಂದು ಫೋಟೋ ತೆಗೆದಿಡಿ. ಪ್ರತಿ ತಿಂಗಳು ಅದೇ ಜಾಗ, ಅದೇ ಹೊತ್ತು.